ಆಲ್ವೇಸ್, ಆಫನ್, ನೆವರ್: ಇಂಗ್ಲಿಷ್ ಮಾತಿನಲ್ಲಿ ಇವುಗಳ ಜಾಗ ಎಲ್ಲಿ?

ಬಾದಾಮಿಗೆ ಬರುವ ಹೊರದೇಶದ ಪ್ರವಾಸಿಗರ ಪ್ರಶ್ನೆಗಳನ್ನು ಸ್ವಲ್ಪ ಗಮನಿಸಿ. ಪಟ್ಟದಕಲ್ಲಿಗೆ ಬಸ್ಸು ಎಷ್ಟು ಹೊತ್ತಿಗೊಮ್ಮೆ ಇದೆ? ಇಲ್ಲಿ ಯಾವಾಗಲೂ ಇಷ್ಟೇ ಬಿಸಿಲಾ? ಈ ಮಂಗಗಳು ಕೈಯಲ್ಲಿದ್ದ ಚೀಲ ಕಿತ್ತುಕೊಳ್ಳುತ್ತವಾ? ಮಾರ್ಚಿನಲ್ಲಿ ಮಳೆ ಬರುತ್ತಾ? ಇವಕ್ಕೆ ಬರೀ 'ಯೆಸ್' ಅಥವಾ 'ನೋ' ಅಂದರೆ ಕೇಳಿದವರಿಗೆ ಏನೂ ಸಿಕ್ಕ ಹಾಗಾಗುವುದಿಲ್ಲ. ಮಂಗ ಚೀಲಕ್ಕೆ ಕೈ ಹಾಕುವುದು ಪ್ರತಿ ಸಲವೂ ಅಲ್ಲ, ಹಾಗಂತ ಅಪರೂಪವೂ ಅಲ್ಲ. ಆ ನಡುವಿನ ಅಳತೆ ಹೇಳಲು ಇಂಗ್ಲಿಷಿನಲ್ಲಿ ಒಂದು ಸಣ್ಣ ಗುಂಪು ಪದಗಳಿವೆ. ಆಲ್ವೇಸ್, ಯೂಶುವಲಿ, ಆಫನ್, ಸಮ್‌ಟೈಮ್ಸ್, ರೇರ್ಲಿ, ನೆವರ್. ವ್ಯಾಕರಣದ ಪುಸ್ತಕಗಳು ಇವನ್ನು ಆಡ್ವರ್ಬ್ಸ್ ಆಫ್ ಫ್ರೀಕ್ವೆನ್ಸಿ ಎಂದು ಕರೆಯುತ್ತವೆ.

ಈ ಪದಗಳ ಅರ್ಥ ನಮ್ಮ ಕಡೆಯ ಹೈಸ್ಕೂಲ್ ಮಕ್ಕಳಿಗೂ ಗೊತ್ತು. ತೊಡಕು ಅರ್ಥದಲ್ಲಿಲ್ಲ, ಜಾಗದಲ್ಲಿದೆ. ಪದ ಗೊತ್ತಿದ್ದೂ ವಾಕ್ಯದೊಳಗೆ ಅದನ್ನು ಎಲ್ಲಿಡಬೇಕು ಎಂದು ತೋಚದೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಬಾದಾಮಿ, ಐಹೊಳೆಯ ಗೈಡುಗಳು, ಲಾಡ್ಜಿನಲ್ಲಿ ಕೌಂಟರ್ ನೋಡಿಕೊಳ್ಳುವವರು, ಇಳಕಲ್ಲಿನ ಸೀರೆ ಅಂಗಡಿಯ ಹುಡುಗರು, ಬೆಳಗಾವಿ ಹುಬ್ಬಳ್ಳಿಗೆ ಇಂಟರ್‌ವ್ಯೂಗೆ ಹೊರಟ ಪದವೀಧರರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಂಗ್ಲಿಷ್ ವಾಕ್ಯಗಳೂ ಕನ್ನಡ ಅಕ್ಷರದಲ್ಲೇ ಇವೆ. ಜೋರಾಗಿ ಓದಿಕೊಳ್ಳಿ. ಈ ವಿಷಯ ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ.

ಮೊದಲು ಪದಗಳ ಅಳತೆ

ಮೇಲಿನಿಂದ ಕೆಳಕ್ಕೆ ಹೀಗೆ ಇಳಿಯಿರಿ. ಆಲ್ವೇಸ್ ಅಂದರೆ ಯಾವಾಗಲೂ, ಒಂದು ಸಲವೂ ತಪ್ಪದೆ. ಯೂಶುವಲಿ ಅಂದರೆ ಸಾಮಾನ್ಯವಾಗಿ. ಜನರಲಿ, ನಾರ್ಮಲಿ ಇದರ ಪಕ್ಕದವೇ. ಆಫನ್ ಅಂದರೆ ಮೇಲಿಂದ ಮೇಲೆ, ಬಹಳ ಸಲ. ಫ್ರೀಕ್ವೆಂಟ್ಲಿ ಕೂಡ ಅದೇ, ಸ್ವಲ್ಪ ಆಫೀಸಿನ ಭಾಷೆ. ಸಮ್‌ಟೈಮ್ಸ್ ಅಂದರೆ ಒಮ್ಮೊಮ್ಮೆ. ಅಕೇಶನಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ರೇರ್ಲಿ, ಸೆಲ್ಡಮ್, ಹಾರ್ಡ್ಲಿ ಎವರ್ ಈ ಮೂರೂ ನಮ್ಮ 'ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ' ಎನ್ನುವಂಥವು. ಸೆಲ್ಡಮ್ ಬರಹದಲ್ಲಿ ಕಾಣುತ್ತದೆ, ಮಾತಿನಲ್ಲಿ ಕಡಿಮೆ. ಕೊನೆಗೆ ನೆವರ್, ಅಂದರೆ ಒಂದು ಸಲವೂ ಇಲ್ಲ.

ಕೆಲವು ಪುಸ್ತಕಗಳು ಇವಕ್ಕೆ ಶೇಕಡಾವಾರು ಲೆಕ್ಕ ಕೊಡುತ್ತವೆ. ಯೂಶುವಲಿಗೆ ಇಷ್ಟು, ಸಮ್‌ಟೈಮ್ಸ್‌ಗೆ ಇಷ್ಟು ಅಂತ. ಅದು ಪಾಠ ಹೇಳಲು ಮಾಡಿಕೊಂಡ ಅನುಕೂಲ ಅಷ್ಟೇ. ಇಂಗ್ಲಿಷ್ ಮಾತಾಡುವವರು ಹಾಗೆ ಎಣಿಸಿ ಪದ ಆರಿಸುವುದಿಲ್ಲ. ಅದನ್ನು ಬಾಯಿಪಾಠ ಮಾಡುವ ಬದಲು ನಮ್ಮ ಸುತ್ತಲಿನ ಸಂಗತಿಗಳಿಗೆ ಪದವನ್ನು ಹೊಂದಿಸಿ ನೋಡುವುದು ಒಳ್ಳೆಯದು.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯನ್ನೇ ತೆಗೆದುಕೊಳ್ಳಿ. ತೇರು ಎಳೆಯುವುದು ಬನದ ಹುಣ್ಣಿಮೆಗೆ. ಅದು ತಪ್ಪುವುದಿಲ್ಲ. ಹಾಗಾಗಿ 'ದ ಬನಶಂಕರಿ ಕಾರ್ ಫೆಸ್ಟಿವಲ್ ಆಲ್ವೇಸ್ ಫಾಲ್ಸ್ ಆನ್ ಎ ಫುಲ್ ಮೂನ್ ಡೇ.' ಆ ಹುಣ್ಣಿಮೆ ಸಾಮಾನ್ಯವಾಗಿ ಬರುವುದು ಜನವರಿಯಲ್ಲಿ. 'ಇಟ್ ಯೂಶುವಲಿ ಫಾಲ್ಸ್ ಇನ್ ಜಾನ್ಯುವರಿ.' ಆದರೆ ತಾರೀಖು ನಿಲ್ಲುವುದಿಲ್ಲ. 2024ರಲ್ಲಿ ಬನದ ಹುಣ್ಣಿಮೆ ಜನವರಿ 25ಕ್ಕೆ ಬಂದಿತ್ತು, 2025ರಲ್ಲಿ 13ಕ್ಕೆ. ಚಾಂದ್ರಮಾನದ ಲೆಕ್ಕವಾದ್ದರಿಂದ ಎರಡು ವರ್ಷ ಒಂದರ ಹಿಂದೆ ಒಂದು ಅದೇ ತಾರೀಖಿಗೆ ಬರಲು ಆಗುವುದೇ ಇಲ್ಲ. 'ಇಟ್ ನೆವರ್ ಫಾಲ್ಸ್ ಆನ್ ದ ಸೇಮ್ ಡೇಟ್ ಟು ಇಯರ್ಸ್ ರನ್ನಿಂಗ್.' ಒಂದೇ ಜಾತ್ರೆ, ಮೂರು ಪದ. ಮೂರನ್ನೂ ಅದಲುಬದಲು ಮಾಡಿ ನೋಡಿ, ಮೂರೂ ಸುಳ್ಳಾಗುತ್ತವೆ. ಈ ಪದಗಳನ್ನು ವಾಕ್ಯದ ಅಲಂಕಾರ ಎಂದು ತಿಳಿಯಬೇಡಿ. ನೀವು ಹೇಳುವ ಮಾತು ನಿಜವೋ ಅಲ್ಲವೋ ಎನ್ನುವುದು ಇವುಗಳ ಮೇಲೇ ನಿಂತಿರುತ್ತದೆ.

ಮಳೆಯ ಮಾತಿಗೂ ಇದು ಸರಿಹೊಂದುತ್ತದೆ. ಬೆಳಗಾವಿ ಸಹ್ಯಾದ್ರಿಯ ಮಗ್ಗುಲಿಗಿದೆ. 'ಇಟ್ ಆಫನ್ ರೇನ್ಸ್ ಇನ್ ಬೆಳಗಾವಿ ಇನ್ ಜುಲೈ.' ವಿಜಯಪುರ ಮಳೆ ನೆರಳಿನ ಸೀಮೆ. 'ಇಟ್ ರೇರ್ಲಿ ರೇನ್ಸ್ ಇನ್ ವಿಜಯಪುರ ಇನ್ ಫೆಬ್ರುವರಿ.' ಏಪ್ರಿಲ್ ಕೊನೆಯ ಗುಡುಗು ಮಳೆಗೆ 'ಸಮ್‌ಟೈಮ್ಸ್' ಸಾಕು.

ಎರಡನೇ ಹೆಜ್ಜೆ: ವಾಕ್ಯದ ಕ್ರಿಯಾಪದ ಹುಡುಕಿ

ಕನ್ನಡದಲ್ಲಿ 'ಯಾವಾಗಲೂ' ಅನ್ನುವ ಪದ ಆರಾಮಾಗಿ ಅತ್ತಿತ್ತ ಓಡಾಡುತ್ತದೆ. 'ನಾನು ಯಾವಾಗಲೂ ಬೆಳಗ್ಗೆ ರೊಟ್ಟಿ ತಿಂತೀನಿ', 'ಬೆಳಗ್ಗೆ ನಾನು ಯಾವಾಗಲೂ ರೊಟ್ಟಿ ತಿಂತೀನಿ', 'ಯಾವಾಗಲೂ ನಾನು ಬೆಳಗ್ಗೆ ರೊಟ್ಟಿನೇ ತಿನ್ನೋದು.' ಎಲ್ಲವೂ ನಡೆಯುತ್ತದೆ. ಯಾರು, ಯಾವುದನ್ನು ಎಂಬುದನ್ನು ಪದಗಳ ಕೊನೆಯ ಪ್ರತ್ಯಯಗಳೇ ಹೇಳಿಬಿಡುತ್ತವೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಕಡಿಮೆ. ಅಲ್ಲಿ ಕೆಲಸ ಮಾಡುವುದು ಪದದ ಜಾಗ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿನ ಹಾಗೆ, ಈ ಪದಗಳಿಗೆ ವಾಕ್ಯದಲ್ಲಿ ಜಾಗ ಮೊದಲೇ ಹಿಡಿದಿಟ್ಟಿರುತ್ತದೆ. ಆ ಜಾಗ ಯಾವುದು ಎಂದು ತಿಳಿಯಬೇಕಾದರೆ ಕ್ರಿಯಾಪದ ಎಲ್ಲಿದೆ ಎಂದು ಗೊತ್ತಾಗಬೇಕು.

ನಮಗೆ ಕ್ರಿಯಾಪದ ಕೊನೆಯಲ್ಲಿ ಕಂಡು ರೂಢಿ. ಹಾಗಾಗಿ ಇಂಗ್ಲಿಷ್ ವಾಕ್ಯದ ಮಧ್ಯದಲ್ಲಿರುವ ಕ್ರಿಯಾಪದ ತಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ಒಂದು ಉಪಾಯ ಇದೆ. ಮೊದಲು ಆಲ್ವೇಸ್, ಆಫನ್ ಏನೂ ಇಲ್ಲದೆ ಬರೀ ವಾಕ್ಯ ಹೇಳಿ. 'ಅವರ್ ಶಾಪ್ ಓಪನ್ಸ್ ಅಟ್ ನೈನ್.' ಕ್ರಿಯಾಪದ ಯಾವುದು? 'ಓಪನ್ಸ್'. ಅಲ್ಲಿಗೆ ಬೆರಳಿಡಿ. 'ಇಟ್ ಈಸ್ ಹಾಟ್.' ಕ್ರಿಯಾಪದ 'ಈಸ್'. 'ಯು ಕ್ಯಾನ್ ಕಾಲ್ ಮಿ.' ಇಲ್ಲಿ ಎರಡಿವೆ, 'ಕ್ಯಾನ್' ಒಂದು, 'ಕಾಲ್' ಇನ್ನೊಂದು. ಈ ಮೂರು ಬಗೆಗೆ ಮೂರು ಜಾಗ. ಇಷ್ಟು ಕೈಗೆ ಹತ್ತಿದರೆ ಮುಕ್ಕಾಲು ಕೆಲಸ ಮುಗಿಯಿತು.

ಮೂರನೇ ಹೆಜ್ಜೆ: ಪದವನ್ನು ಕೂರಿಸಿ

ಸಾಮಾನ್ಯ ಕ್ರಿಯಾಪದ ಒಂದೇ ಇದ್ದರೆ ಅದರ ಮುಂಚೆ ಇಡಿ. 'ಅವರ್ ಶಾಪ್ ಆಲ್ವೇಸ್ ಓಪನ್ಸ್ ಅಟ್ ನೈನ್.' 'ಮೈ ಮದರ್ ಯೂಶುವಲಿ ಮೇಕ್ಸ್ ಜೋಳದ ರೊಟ್ಟಿ.' 'ವಿಸಿಟರ್ಸ್ ಆಫನ್ ಆಸ್ಕ್ ಅಬೌಟ್ ಕೇವ್ ತ್ರೀ.' ಬಾದಾಮಿಯ ಗೈಡುಗಳಿಗೆ ಈ ಕೊನೆಯ ವಾಕ್ಯ ದಿನಾಲೂ ಬೇಕಾಗುತ್ತದೆ. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, ಅದರ ಕಾಲ ಕ್ರಿ.ಶ. 578. ಪ್ರವಾಸಿಗರು ಕೇಳುವುದು ಹೆಚ್ಚಾಗಿ ಅದನ್ನೇ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಕ್ರಿಯಾಪದಕ್ಕೂ ಅದರ ಮುಂದಿನ ವಸ್ತುವಿಗೂ ನಡುವೆ ಈ ಪದವನ್ನು ತುರುಕಬಾರದು. 'ಐ ಈಟ್ ಆಲ್ವೇಸ್ ರೊಟ್ಟಿ' ತಪ್ಪು, 'ಐ ಆಲ್ವೇಸ್ ಈಟ್ ರೊಟ್ಟಿ' ಸರಿ. ಇನ್ನೊಂದು, ಹಿ, ಶಿ, ಇಟ್ ಬಂದಾಗ ಕ್ರಿಯಾಪದದ ಕೊನೆಯ 'ಸ್' ಬಿಟ್ಟುಹೋಗದಂತೆ ನೋಡಿಕೊಳ್ಳಿ. 'ಶಿ ಕಮ್ಸ್' ಎಂದು ಸರಿಯಾಗಿ ಹೇಳುವವರೂ ನಡುವೆ ಆಲ್ವೇಸ್ ಬಂದ ಕೂಡಲೇ 'ಶಿ ಆಲ್ವೇಸ್ ಕಮ್' ಅಂದುಬಿಡುತ್ತಾರೆ. ನಡುವೆ ಪದ ಬಂದರೂ 'ಸ್' ಎಲ್ಲೂ ಹೋಗುವುದಿಲ್ಲ. 'ಶಿ ಆಲ್ವೇಸ್ ಕಮ್ಸ್ ಆನ್ ಟೈಮ್.'

ಆಮ್, ಈಸ್, ಆರ್, ವಾಸ್, ವರ್ ಇದ್ದರೆ ಲೆಕ್ಕ ಉಲ್ಟಾ. ಪದ ಅವುಗಳ ಮುಂಚೆ ಬರುವುದಿಲ್ಲ, ಆದ ಮೇಲೆ ಬರುತ್ತದೆ. 'ಇಟ್ ಈಸ್ ಯೂಶುವಲಿ ವೆರಿ ಹಾಟ್ ಇನ್ ಮೇ.' 'ದ ಮಂಕೀಸ್ ಆರ್ ಆಫನ್ ನಿಯರ್ ದ ಸ್ಟೆಪ್ಸ್.' 'ಐ ಆಮ್ ನೆವರ್ ಲೇಟ್ ಫಾರ್ ವರ್ಕ್.' ಗೋಕಾಕ ಜಲಪಾತದ ಬಗ್ಗೆ ಯಾರಾದರೂ ಕೇಳಿದರೆ ಹೀಗೆ ಹೇಳಬಹುದು: 'ದ ಫಾಲ್ಸ್ ಆರ್ ಯೂಶುವಲಿ ಫುಲ್ ಇನ್ ಆಗಸ್ಟ್, ಬಟ್ ದೇ ಆರ್ ಹಾರ್ಡ್ಲಿ ಎವರ್ ಫುಲ್ ಇನ್ ಏಪ್ರಿಲ್.' ಘಟಪ್ರಭಾ ಅಲ್ಲಿ ಸುಮಾರು 52 ಮೀಟರ್ ಧುಮುಕುತ್ತದೆ. ಆದರೆ ಆ ಅಬ್ಬರ ಮಳೆಗಾಲದ್ದು. ಬೇಸಿಗೆಯಲ್ಲಿ ಬಂದವರಿಗೆ ಬಂಡೆ ಕಾಣುವುದೇ ಜಾಸ್ತಿ. ಯಾವ ತಿಂಗಳಲ್ಲಿ ಬರಬೇಕು ಎಂದು ಪ್ರವಾಸಿಗರು ತೀರ್ಮಾನ ಮಾಡುವುದು ನಿಮ್ಮ ಬಾಯಿಂದ ಬಂದ ಆ ಒಂದು ಪದದ ಮೇಲೆ.

ಎರಡು ಕ್ರಿಯಾಪದ ಇದ್ದರೆ, ಅಂದರೆ ಕ್ಯಾನ್, ವಿಲ್, ಶುಡ್, ಹ್ಯಾವ್, ಹ್ಯಾಸ್ ಥರದ ಸಹಾಯಕ ಒಂದು, ಮುಖ್ಯವಾದದ್ದು ಇನ್ನೊಂದು ಇದ್ದರೆ, ಪದ ಎರಡರ ನಡುವೆ ಕೂರುತ್ತದೆ. 'ಯು ಕ್ಯಾನ್ ಆಲ್ವೇಸ್ ಕಾಲ್ ಮಿ.' 'ಯು ಶುಡ್ ನೆವರ್ ಫೀಡ್ ದ ಮಂಕೀಸ್.' 'ಐ ಹ್ಯಾವ್ ನೆವರ್ ಸೀನ್ ಕೂಡಲಸಂಗಮ.' ಸಹಾಯಕವೇ ಎರಡು ಇದ್ದರೆ ಮೊದಲನೆಯದು ಮುಗಿದ ಮೇಲೆ ಇಡಿ. 'ದೀಸ್ ಸ್ಯಾರೀಸ್ ಹ್ಯಾವ್ ಆಲ್ವೇಸ್ ಬೀನ್ ಮೇಡ್ ಇನ್ ಇಳಕಲ್.'

ವಿಜಯಪುರದ ಗೋಳಗುಮ್ಮಟ ತೋರಿಸುವವರು ಈ ಮೂರನೇ ಜಾಗವನ್ನು ಚೆನ್ನಾಗಿ ರೂಢಿ ಮಾಡಿಕೊಳ್ಳಬೇಕು. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾನ ಗೋರಿಯ ಮೇಲಿನ ಆ ಗುಮ್ಮಟದ ಒಳಗೆ ಪಿಸುಮಾತೂ ಸುತ್ತಿ ಬಂದು ಕೇಳಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಶಾಲೆಯ ಮಕ್ಕಳು ಮೇಲೆ ಹತ್ತಿ ಕೂಗಾಡುತ್ತಿರುವಾಗ ಪಿಸುಮಾತು ಎಲ್ಲಿಂದ ಕೇಳಬೇಕು? 'ಯು ಕ್ಯಾನ್ ರೇರ್ಲಿ ಹಿಯರ್ ಎ ವಿಸ್ಪರ್ ವೆನ್ ದ ಗ್ಯಾಲರಿ ಈಸ್ ಕ್ರೌಡೆಡ್. ಇಟ್ ಈಸ್ ಯೂಶುವಲಿ ಕ್ವಾಯೆಟ್ ಅರ್ಲಿ ಇನ್ ದ ಮಾರ್ನಿಂಗ್.' ಮೊದಲ ವಾಕ್ಯದಲ್ಲಿ 'ಕ್ಯಾನ್' ಮತ್ತು 'ಹಿಯರ್' ನಡುವೆ ಪದ ಕೂತಿದೆ, ಎರಡನೆಯದರಲ್ಲಿ 'ಈಸ್' ಆದ ಮೇಲೆ. ಬೆಳಗ್ಗೆ ಬೇಗ ಬನ್ನಿ ಎಂದು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಒಂದು ಅಪವಾದವಿದೆ. 'ಹ್ಯಾವ್ ಟು' ಬಂದಾಗ ಅದನ್ನು ಸಹಾಯಕ ಎಂದುಕೊಂಡು ನಡುವೆ ಪದ ಇಡಬೇಡಿ. 'ಐ ಹ್ಯಾವ್ ಆಲ್ವೇಸ್ ಟು ವೇಟ್' ಅನ್ನದೆ 'ಐ ಆಲ್ವೇಸ್ ಹ್ಯಾವ್ ಟು ವೇಟ್' ಅನ್ನಿ.

ನಾಲ್ಕನೇ ಹೆಜ್ಜೆ: 'ಇಲ್ಲ' ಎನ್ನುವಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಮ್ಮವರು ಹೆಚ್ಚು ಎಡವುವುದು ಇಲ್ಲೇ, ಮತ್ತು ಅದಕ್ಕೆ ಕಾರಣ ದಡ್ಡತನವಲ್ಲ, ಕನ್ನಡದ ರಚನೆ.

'ನಾನು ಯಾವತ್ತೂ ಸಿಗರೇಟು ಸೇದುವುದಿಲ್ಲ.' ಈ ವಾಕ್ಯದಲ್ಲಿ ನಿರಾಕರಣೆ ಎಲ್ಲಿದೆ? 'ಸೇದುವುದಿಲ್ಲ' ಎಂಬುದರ ಕೊನೆಯಲ್ಲಿ. 'ಯಾವತ್ತೂ' ಎಂಬುದು ಕಾಲವನ್ನು ಹೇಳುತ್ತದೆ ಅಷ್ಟೇ. ಇದೇ ರೂಢಿಯಲ್ಲಿ ಇಂಗ್ಲಿಷಿಗೆ ಹೋದಾಗ 'ಯಾವತ್ತೂ' ಜಾಗಕ್ಕೆ ನೆವರ್, 'ಇಲ್ಲ' ಜಾಗಕ್ಕೆ ಡೋಂಟ್ ಬಂದು 'ಐ ನೆವರ್ ಡೋಂಟ್ ಸ್ಮೋಕ್' ಆಗಿಬಿಡುತ್ತದೆ. ಇಂಗ್ಲಿಷಿನ ನೆವರ್ ತನ್ನ ಹೊಟ್ಟೆಯಲ್ಲೇ 'ಇಲ್ಲ'ವನ್ನು ಇಟ್ಟುಕೊಂಡಿದೆ. ಅದರ ಜೊತೆಗೆ ಇನ್ನೊಂದು ಡೋಂಟ್, ನಾಟ್ ಬೇಡ. 'ಐ ನೆವರ್ ಸ್ಮೋಕ್.' ಮುಗಿಯಿತು. ವಾಕ್ಯ ಖಾಲಿಖಾಲಿ ಅನ್ನಿಸಿದರೂ ಅಷ್ಟಕ್ಕೇ ಬಿಡಿ.

ರೇರ್ಲಿ, ಸೆಲ್ಡಮ್, ಹಾರ್ಡ್ಲಿ ಎವರ್ ಕೂಡ ಇದೇ ಗುಣದವು. 'ವಿ ಹಾರ್ಡ್ಲಿ ಎವರ್ ಈಟ್ ಔಟ್‌ಸೈಡ್.' ಇಲ್ಲಿಯೂ ಡೋಂಟ್ ಬರುವುದಿಲ್ಲ. 'ಏನೂ' ಎಂದು ಸೇರಿಸಬೇಕಾದರೆ ನಥಿಂಗ್ ಬಿಟ್ಟು ಎನಿಥಿಂಗ್ ಹಾಕಿ. 'ಮೈ ಗ್ರ್ಯಾಂಡ್‌ಫಾದರ್ ನೆವರ್ ಈಟ್ಸ್ ಎನಿಥಿಂಗ್ ಆಫ್ಟರ್ ಎಯ್ಟ್.'

ಹಾರ್ಡ್ಲಿ ಎಂಬ ಪದದ ಬಗ್ಗೆ ಇನ್ನೊಂದು ಮಾತು. 'ಹಾರ್ಡ್' ಅಂದರೆ ಕಷ್ಟಪಟ್ಟು, ಹಾಗಾಗಿ 'ಹಾರ್ಡ್ಲಿ' ಅಂದರೂ ಅದೇ ಇರಬೇಕು ಅನ್ನಿಸುವುದು ಸಹಜ. ಸ್ಲೋ, ಸ್ಲೋಲಿ, ಕ್ವಿಕ್, ಕ್ವಿಕ್ಲಿ ಎಂದು ಕಲಿತಿರುತ್ತೇವಲ್ಲ. ಆದರೆ ಹಾರ್ಡ್ಲಿಯ ಅರ್ಥ ಬೇರೆ: 'ಮಾಡುವುದೇ ಇಲ್ಲ ಎನ್ನುವಷ್ಟು ಕಡಿಮೆ'. ಇಂಟರ್‌ವ್ಯೂನಲ್ಲಿ ಕೂತು 'ಐ ವರ್ಕ್ ಹಾರ್ಡ್ಲಿ' ಅಂತಲೋ 'ಐ ಹಾರ್ಡ್ಲಿ ವರ್ಕ್' ಅಂತಲೋ ಹೇಳಿದರೆ, ಮೊದಲನೆಯದು ಎದುರಿನವರಿಗೆ ವಿಚಿತ್ರವಾಗಿ ಕೇಳುತ್ತದೆ, ಎರಡನೆಯದು 'ನಾನು ಕೆಲಸವನ್ನೇ ಮಾಡುವುದಿಲ್ಲ' ಎಂದು ಕೇಳುತ್ತದೆ. ರಾತ್ರಿ ಹಗಲು ದುಡಿದು ಓದಿದ ಹುಡುಗ ಹುಡುಗಿಯರ ಬಾಯಿಂದ ಈ ಮಾತು ಬಂದಾಗ ನನಗೆ ಬಹಳ ಕೆಡುಕೆನಿಸುತ್ತದೆ. ನೀವು ಹೇಳಬೇಕಾದದ್ದು 'ಐ ಆಲ್ವೇಸ್ ವರ್ಕ್ ಹಾರ್ಡ್.'

ಇನ್ನು 'ಬಸ್ಸು ಇಲ್ಲಿ ಯಾವಾಗಲೂ ನಿಲ್ಲುವುದಿಲ್ಲ' ಎಂಬ ಮಾತು. ಒಂದು ಸಲವೂ ನಿಲ್ಲುವುದಿಲ್ಲ ಅಂತಲೂ ತಿಳಿಯಬಹುದು, ಒಮ್ಮೊಮ್ಮೆ ನಿಲ್ಲುತ್ತದೆ, ಒಮ್ಮೊಮ್ಮೆ ಇಲ್ಲ ಅಂತಲೂ ತಿಳಿಯಬಹುದು. ಮಾತಿನಲ್ಲಿ ಯಾವ ಪದದ ಮೇಲೆ ಒತ್ತು ಬಿತ್ತು ಎಂಬುದರಿಂದ ನಮಗೆ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಎರಡು ವಾಕ್ಯ. 'ದ ಬಸ್ ನೆವರ್ ಸ್ಟಾಪ್ಸ್ ಹಿಯರ್' ಅಂದರೆ ಇಲ್ಲಿ ಕಾಯುವುದೇ ಬೇಡ. 'ದ ಬಸ್ ಡಸಂಟ್ ಆಲ್ವೇಸ್ ಸ್ಟಾಪ್ ಹಿಯರ್' ಅಂದರೆ ನಿಂತರೂ ನಿಲ್ಲಬಹುದು, ನೆಚ್ಚಿಕೊಳ್ಳಬೇಡಿ. ಇದನ್ನು 'ದ ಬಸ್ ಆಲ್ವೇಸ್ ಡಸಂಟ್ ಸ್ಟಾಪ್' ಎಂದು ತಿರುವಿ ಹಾಕಬೇಡಿ. ಡೋಂಟ್, ಡಸಂಟ್ ಮೊದಲು. ಆಲ್ವೇಸ್, ಯೂಶುವಲಿ, ಆಫನ್ ಆಮೇಲೆ. 'ಐ ಡೋಂಟ್ ಯೂಶುವಲಿ ಡ್ರಿಂಕ್ ಕಾಫಿ.' ಸಮ್‌ಟೈಮ್ಸ್ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದು ಡೋಂಟ್‌ಗಿಂತ ಮೊದಲೇ ಬರುತ್ತದೆ. 'ಐ ಸಮ್‌ಟೈಮ್ಸ್ ಡೋಂಟ್ ಹಿಯರ್ ದ ಫೋನ್.'

ಐದನೇ ಹೆಜ್ಜೆ: ಕೇಳುವುದು, ಉತ್ತರಿಸುವುದು

'ಎಷ್ಟೊತ್ತಿಗೊಮ್ಮೆ ಬಸ್ ಅದಾವ್ರಿ?' ಎನ್ನುವ ನಮ್ಮ ಪ್ರಶ್ನೆಗೆ ಇಂಗ್ಲಿಷಿನಲ್ಲಿ 'ಹೌ ಆಫನ್'. ಅದರ ಹಿಂದೆಯೇ ಡು, ಡಸ್, ಈಸ್ ಬರಬೇಕು. 'ಹೌ ಆಫನ್ ಡು ಬಸಸ್ ಗೋ ಟು ಪಟ್ಟದಕಲ್?' 'ಹೌ ಆಫನ್ ಬಸಸ್ ಗೋ' ಎಂದು ಡು ಬಿಟ್ಟು ಕೇಳುವುದು ನಮ್ಮಲ್ಲಿ ತುಂಬ ಕೇಳಿಸುತ್ತದೆ. ಆ ಡು ಸಣ್ಣದಾದರೂ ಬಿಡುವ ಹಾಗಿಲ್ಲ.

'ಎಂದಾದರೂ' ಎಂದು ಕೇಳಲು ಎವರ್ ಇದೆ. 'ಡಸ್ ಇಟ್ ಎವರ್ ರೇನ್ ಹಿಯರ್ ಇನ್ ಮಾರ್ಚ್?' 'ಹ್ಯಾವ್ ಯು ಎವರ್ ಬೀನ್ ಟು ಐಹೊಳೆ?' ಎವರ್ ಪ್ರಶ್ನೆಯ ಪದ. ಉತ್ತರದಲ್ಲಿ 'ಯೆಸ್, ಐ ಹ್ಯಾವ್ ಎವರ್ ಬೀನ್' ಎಂದು ಅದನ್ನೇ ತಿರುಗಿಸಿ ಕೊಡಬೇಡಿ. 'ಯೆಸ್, ಐ ಹ್ಯಾವ್' ಅಥವಾ 'ನೋ, ನೆವರ್' ಸಾಕು.

ಉತ್ತರಕ್ಕೆ ಒಂದೇ ಪದದ ಬದಲು ಲೆಕ್ಕವೂ ಬೇಕಾಗುತ್ತದೆ. ಒನ್ಸ್ ಎ ವೀಕ್, ಟ್ವೈಸ್ ಎ ಡೇ, ತ್ರೀ ಟೈಮ್ಸ್ ಎ ಮಂತ್, ಎವ್ರಿ ಅವರ್, ಎವ್ರಿ ಅದರ್ ಡೇ. ಕೊನೆಯದು ದಿನ ಬಿಟ್ಟು ದಿನ. ಆಲ್ವೇಸ್, ಆಫನ್ ಕ್ರಿಯಾಪದದ ಹತ್ತಿರ ಕೂರುವಂತೆ ಇವು ಕೂರುವುದಿಲ್ಲ. ಇವುಗಳ ಜಾಗ ಸಾಮಾನ್ಯವಾಗಿ ವಾಕ್ಯದ ಕೊನೆ. 'ದ ಸಂತೆ ಈಸ್ ಹೆಲ್ಡ್ ಒನ್ಸ್ ಎ ವೀಕ್.' 'ಐ ಗೋ ಟು ಬಾಗಲಕೋಟೆ ಟ್ವೈಸ್ ಎ ಮಂತ್.' ನಾವು ಪ್ರೀತಿಯಿಂದ ಬಳಸುವ 'ಡೈಲಿ' ಕೂಡ ಕೊನೆಗೇ ಚೆಂದ. 'ಐ ಡೈಲಿ ಗೋ' ಅನ್ನುವುದಕ್ಕಿಂತ 'ಐ ಗೋ ಎವ್ರಿ ಡೇ' ಹೊರಗಿನವರ ಕಿವಿಗೆ ಸಲೀಸು.

ಲಾಡ್ಜಿನ ಕೌಂಟರಿನಲ್ಲಿ ನಡೆಯಬಹುದಾದ ಒಂದು ಮಾತುಕತೆ ಇಲ್ಲಿದೆ. ಬಸ್ಸಿನ ಹೊತ್ತು ಮಾದರಿಗೆ ಹಾಕಿದ್ದು, ನಿಮ್ಮೂರಿನದನ್ನು ಸ್ಟ್ಯಾಂಡಿನಲ್ಲಿ ಕೇಳಿ ತುಂಬಿಕೊಳ್ಳಿ.

'ಹೌ ಆಫನ್ ಡು ಬಸಸ್ ಗೋ ಟು ಪಟ್ಟದಕಲ್?'
'ದೇರ್ ಈಸ್ ಯೂಶುವಲಿ ಎ ಬಸ್ ಎವ್ರಿ ಅವರ್, ಸರ್. ಬಟ್ ಇಟ್ ಈಸ್ ಸಮ್‌ಟೈಮ್ಸ್ ಲೇಟ್.'
'ಈಸ್ ಇಟ್ ಆಲ್ವೇಸ್ ದಿಸ್ ಹಾಟ್?'
'ನಾಟ್ ಆಲ್ವೇಸ್. ಡಿಸೆಂಬರ್ ಈಸ್ ಯೂಶುವಲಿ ಪ್ಲೆಸೆಂಟ್.'
'ಡು ದ ಮಂಕೀಸ್ ಎವರ್ ಟೇಕ್ ಬ್ಯಾಗ್ಸ್?'
'ಯೆಸ್, ದೇ ಆಫನ್ ಡು. ನೆವರ್ ಕ್ಯಾರಿ ಫುಡ್ ಇನ್ ಯುವರ್ ಹ್ಯಾಂಡ್.'

'ಯೆಸ್, ದೇ ಆಫನ್ ಡು' ಎಂಬ ಚಿಕ್ಕ ಉತ್ತರವನ್ನು ನೋಡಿ. ಇಂಥ ತುಂಡು ಉತ್ತರದಲ್ಲಿ ಪದ ಡು, ಈಸ್, ಕ್ಯಾನ್‌ಗಳ ಮುಂಚೆಯೇ ಬರುತ್ತದೆ. 'ಈಸ್ ಹಿ ಲೇಟ್?' 'ಹಿ ಯೂಶುವಲಿ ಈಸ್.' ಈಸ್ ಬಂದರೆ ಅದಾದ ಮೇಲೆ ಎಂದು ಮೂರನೇ ಹೆಜ್ಜೆಯಲ್ಲಿ ಹೇಳಿದ್ದು ಪೂರ್ತಿ ವಾಕ್ಯಕ್ಕೆ. ಈಸ್ ಕೊನೆಯ ಪದವಾದಾಗ ಹೀಗೆ ತಿರುಗುತ್ತದೆ.

ವಾಕ್ಯದ ತಲೆಗೆ ಯಾವುದು ಬರಬಹುದು?

ಸಮ್‌ಟೈಮ್ಸ್, ಯೂಶುವಲಿ, ನಾರ್ಮಲಿ, ಅಕೇಶನಲಿ ಇವು ವಾಕ್ಯದ ಮೊದಲಿಗೂ ಬರಬಹುದು. 'ಸಮ್‌ಟೈಮ್ಸ್ ವಿ ಗೋ ಟು ಆಲಮಟ್ಟಿ.' 'ಯೂಶುವಲಿ ಐ ಗೆಟ್ ಅಪ್ ಅಟ್ ಫೈವ್.' ಜಾಗ ನೆನಪಾಗದೆ ಮಾತು ನಿಲ್ಲುವಂತಾದರೆ ಸಮ್‌ಟೈಮ್ಸ್ ಅನ್ನು ಧೈರ್ಯವಾಗಿ ಮುಂದಿಟ್ಟು ಶುರುಮಾಡಿ, ತಪ್ಪಾಗುವುದಿಲ್ಲ. ಆಲ್ವೇಸ್, ನೆವರ್ ಹಾಗಲ್ಲ. 'ಆಲ್ವೇಸ್ ಐ ಗೆಟ್ ಅಪ್' ಎಂದು ಶುರುಮಾಡಬಾರದು. ಅವು ತಲೆಗೆ ಬರುವುದು ಆಜ್ಞೆ ಅಥವಾ ಎಚ್ಚರಿಕೆ ಕೊಡುವಾಗ. 'ಆಲ್ವೇಸ್ ಕ್ಯಾರಿ ವಾಟರ್.' 'ನೆವರ್ ಟಚ್ ದ ವೈರ್.' ಭಾಷಣಗಳಲ್ಲಿ 'ನೆವರ್ ಹ್ಯಾವ್ ಐ ಸೀನ್' ಎಂದು ಕ್ರಮ ತಿರುಗಿಸಿ ಹೇಳುವುದೂ ಉಂಟು. ಓದುವಾಗ ಗುರುತು ಹಿಡಿದರೆ ಸಾಕು, ದಿನದ ಮಾತಿಗೆ ಬೇಡ.

ಆರನೇ ಹೆಜ್ಜೆ: ರೂಢಿಗೆ ಇಂಗ್ ಬೇಡ

'ನಾನು ಸಂಜೆ ಐದಕ್ಕೆ ಚಹಾ ಕುಡೀತಿರ್ತೀನಿ' ಎನ್ನುವ ಜಾಡಿನಲ್ಲಿ 'ಐ ಆಮ್ ಆಲ್ವೇಸ್ ಡ್ರಿಂಕಿಂಗ್ ಟೀ ಅಟ್ ಫೈವ್' ಅಂದುಬಿಡುತ್ತೇವೆ. ರೂಢಿ ಹೇಳುವಾಗ ಇಂಗ್ಲಿಷಿಗೆ ಸಾದಾ ಕ್ರಿಯಾಪದ ಸಾಕು. 'ಐ ಆಲ್ವೇಸ್ ಡ್ರಿಂಕ್ ಟೀ ಅಟ್ ಫೈವ್.' ಆಲ್ವೇಸ್ ಜೊತೆ ಇಂಗ್ ಸೇರಿದರೆ ಹೆಚ್ಚಾಗಿ ಬೇಸರದ, ದೂರಿನ ಧ್ವನಿ ಬರುತ್ತದೆ. 'ಹಿ ಈಸ್ ಆಲ್ವೇಸ್ ಕಾಲಿಂಗ್ ಮಿ' ಅಂದರೆ 'ಯಾವಾಗ ನೋಡಿದರೂ ಫೋನ್ ಮಾಡ್ತಾನೆ, ಸಾಕಾಗಿಹೋಗಿದೆ' ಎಂದ ಹಾಗೆ. 'ಶಿ ಈಸ್ ಆಲ್ವೇಸ್ ಆಸ್ಕಿಂಗ್ ಕ್ವೆಶ್ಚನ್ಸ್' ಎಂದು ಟೀಚರೊಬ್ಬರು ಹೊಗಳಿಕೆಯೆಂದೇ ಹೇಳಿದರೂ ಕೇಳಿದವರಿಗೆ ಅದು ದೂರಿನಂತೆ ತೋರಬಹುದು. ಹೊಗಳುವುದಾದರೆ 'ಶಿ ಆಫನ್ ಆಸ್ಕ್ಸ್ ಗುಡ್ ಕ್ವೆಶ್ಚನ್ಸ್.'

ಉಚ್ಚಾರಣೆಯ ಬಗ್ಗೆ ಒಂದೇ ಮಾತು. ಆಫನ್, ಆಫ್ಟನ್ ಎರಡೂ ನಡೆಯುತ್ತವೆ, ಎರಡನ್ನೂ ನಿಘಂಟುಗಳು ಒಪ್ಪುತ್ತವೆ. ಅದಕ್ಕಾಗಿ ಯಾರನ್ನೂ ತಿದ್ದಲು ಹೋಗಬೇಡಿ.

ಆರಿಸುವಾಗ ನಿಜ ನೋಡಿ

ಜಾಗ ಕಲಿತ ಮೇಲೆ ನಾನು ಹೆಚ್ಚು ಹೊತ್ತು ಕೊಡುವುದು ಇದಕ್ಕೆ. ನಮ್ಮಲ್ಲಿ ಆಲ್ವೇಸ್ ಮತ್ತು ನೆವರ್ ಬಾಯಿಗೆ ಬೇಗ ಬರುತ್ತವೆ. ಸೀರೆ ಅಂಗಡಿಯಲ್ಲಿ ಗಿರಾಕಿ 'ಡಸ್ ದ ಕಲರ್ ರನ್?' ಅಂತ ಕೇಳುತ್ತಾರೆ, ಬಣ್ಣ ಬಿಡುತ್ತಾ ಎಂದು. 'ನೆವರ್, ಮೇಡಂ' ಅಂದರೆ ಅದು ಭರವಸೆಯಾಯಿತು. ಊರಿಗೆ ಹೋಗಿ ಒಗೆದಾಗ ಸ್ವಲ್ಪ ಬಣ್ಣ ಬಿಟ್ಟರೂ ಆ ಮಾತು ಸುಳ್ಳು. 'ಇಟ್ ಸಮ್‌ಟೈಮ್ಸ್ ರನ್ಸ್ ಇನ್ ದ ಫಸ್ಟ್ ವಾಶ್. ಪ್ಲೀಸ್ ವಾಶ್ ಇಟ್ ಸೆಪರೇಟ್ಲಿ.' ಹೀಗೆ ಹೇಳಿದ ಅಂಗಡಿಗೆ ಗಿರಾಕಿ ತಿರುಗಿ ಬರುತ್ತಾರೆ ಎಂಬುದು ನನ್ನ ನಂಬಿಕೆ.

ಇಂಟರ್‌ವ್ಯೂನಲ್ಲೂ ಅಷ್ಟೇ. 'ಐ ಆಲ್ವೇಸ್ ಫಿನಿಶ್ ಮೈ ವರ್ಕ್ ಆನ್ ಟೈಮ್' ಅಂದ ಕೂಡಲೇ ಎದುರಿನವರು 'ಆಲ್ವೇಸ್?' ಅಂತ ತಿರುಗಿ ಕೇಳಬಹುದು. 'ಐ ಯೂಶುವಲಿ ಫಿನಿಶ್ ಆನ್ ಟೈಮ್. ಇಫ್ ಐ ಆಮ್ ಲೇಟ್, ಐ ಆಲ್ವೇಸ್ ಟೆಲ್ ಮೈ ಮ್ಯಾನೇಜರ್ ಅರ್ಲಿ' ಎಂಬ ಉತ್ತರ ತೂಕದ್ದು. ಯಾವುದು ಸಾಮಾನ್ಯವಾಗಿ, ಯಾವುದು ತಪ್ಪದೆ ಎಂದು ಬೇರೆ ಮಾಡಿ ಹೇಳಿದ್ದೀರಿ. ಇಂಥ ಮಾತಿಗೆ ದೊಡ್ಡ ಇಂಗ್ಲಿಷ್ ಏನೂ ಬೇಕಾಗಿಲ್ಲ ಅಲ್ವಾ?

ಅಭ್ಯಾಸ ಹೀಗೆ ಮಾಡಿ

ನಿಮ್ಮ ದಿನವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಮಾಡುವ ಕೆಲಸಗಳನ್ನು ಬರೀ ವಾಕ್ಯಗಳಾಗಿ ಬರೆಯಿರಿ, ಈ ಪದ ಯಾವುದ್ನೂ ಹಾಕದೆ. ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಅಡಿಗೆರೆ ಎಳೆಯಿರಿ. ಆಮೇಲೆ ನಿಜವಾದ ಪದ ಯಾವುದು ಎಂದು ಯೋಚಿಸಿ ಅದರ ಜಾಗದಲ್ಲಿ ಕೂರಿಸಿ. ಬರೆದು ಮುಚ್ಚಿಡಬೇಡಿ, ಮನೆಯಲ್ಲಿ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು 'ಹೌ ಆಫನ್ ಡು ಯು' ಎಂದು ಶುರುವಾಗುವ ಪ್ರಶ್ನೆ ಕೇಳಿಸಿಕೊಂಡು ಬಾಯಿಬಿಟ್ಟು ಉತ್ತರ ಕೊಡಿ. ದಿನಾಲೂ ಹತ್ತು ನಿಮಿಷ ಸಾಕು.

ಕೈ ಪರೀಕ್ಷೆಗೆ ಐದು ತಪ್ಪು ವಾಕ್ಯಗಳನ್ನು ಕೊಡುತ್ತೇನೆ. ಕೆಳಗಿನ ಉತ್ತರ ನೋಡದೆ ಮೊದಲು ನೀವೇ ತಿದ್ದಿ.

ಮೈ ಬ್ರದರ್ ಗೋಸ್ ಯೂಶುವಲಿ ಟು ಮುಧೋಳ ಬೈ ಬಸ್.
ಐ ಆಲ್ವೇಸ್ ಆಮ್ ಹಂಗ್ರಿ ಅಟ್ ಒನ್ ಓಕ್ಲಾಕ್.
ವಿ ನೆವರ್ ಡೋಂಟ್ ಕ್ಲೋಸ್ ಆನ್ ಸಂಡೇ.
ಶಿ ಹ್ಯಾಸ್ ವಿಸಿಟೆಡ್ ಆಫನ್ ಐಹೊಳೆ.
ಹೌ ಆಫನ್ ದ ಸಂತೆ ಈಸ್ ಹೆಲ್ಡ್?

ಮೊದಲನೆಯದರಲ್ಲಿ ಸಾಮಾನ್ಯ ಕ್ರಿಯಾಪದ ಒಂದೇ ಇದೆ, ಹಾಗಾಗಿ ಪದ ಅದರ ಮುಂಚೆ: 'ಮೈ ಬ್ರದರ್ ಯೂಶುವಲಿ ಗೋಸ್.' ಎರಡನೆಯದರಲ್ಲಿ ಆಮ್ ಇದೆ: 'ಐ ಆಮ್ ಆಲ್ವೇಸ್ ಹಂಗ್ರಿ.' ಮೂರನೆಯದರಲ್ಲಿ ಡೋಂಟ್ ಹೆಚ್ಚಾಗಿದೆ: 'ವಿ ನೆವರ್ ಕ್ಲೋಸ್ ಆನ್ ಸಂಡೇ.' ನಾಲ್ಕನೆಯದಕ್ಕೆ ಹ್ಯಾಸ್ ಮತ್ತು ವಿಸಿಟೆಡ್ ನಡುವಿನ ಜಾಗ: 'ಶಿ ಹ್ಯಾಸ್ ಆಫನ್ ವಿಸಿಟೆಡ್ ಐಹೊಳೆ.' ಐದನೆಯದರಲ್ಲಿ ಈಸ್ ಮುಂದೆ ಬರಬೇಕು: 'ಹೌ ಆಫನ್ ಈಸ್ ದ ಸಂತೆ ಹೆಲ್ಡ್?' ಅದಕ್ಕೆ ಉತ್ತರ 'ಒನ್ಸ್ ಎ ವೀಕ್', ಅದರ ಹಿಂದೆ ನಿಮ್ಮೂರಿನ ಸಂತೆಯ ವಾರ ಸೇರಿಸಿ.